ಇಂಗಿನ ಮೊದಲ ತುತ್ತು

ದಿಬ್ಬೂರಹಳ್ಳಿಯ ಓಬಳಮ್ಮ ನಿಂತು ಉಣ್ಣುವುದನ್ನು ಕಲಿತದ್ದು ಮದುವೆಯಾದ ವರ್ಷವೇ. ಅಂಬಾಜಿದುರ್ಗದ ಕೆಳಗಿನ ತವರೂರಿನಲ್ಲಿ ಅವಳೂ ಎಲ್ಲರಂತೆ ಚಕ್ಕಳಮಕ್ಕಳ ಹಾಕಿ ಕೂತು, ಅಣ್ಣತಮ್ಮಂದಿರ ಜೊತೆ ಜಗಳವಾಡಿಕೊಂಡು ಮುದ್ದೆ ಮುರಿದವಳು. ಗಂಡನ ಮನೆಗೆ ಬಂದ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಗಂಗಳವನ್ನು ಎಡಗೈಯಲ್ಲಿ ಹಿಡಿದು, ಬಾಗಿಲ ಕಡೆ ಕಣ್ಣಿಟ್ಟು ನುಂಗುವುದು ರೂಢಿಯಾಯಿತು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸರಿ. ಅವಳು ಅನ್ನವನ್ನೂ ಅಗಿಯುತ್ತಿರಲಿಲ್ಲ. ಕೂತವಳಿಗೆ ಎದ್ದು ಓಡಲು ಹೊತ್ತು ಬೇಕು, ನಿಂತವಳಿಗೆ ಬೇಡ.

ಗಂಡ ಆವಲಪ್ಪನಿಗೆ ಕೈ ಮುಂದು, ಬಾಯಿ ಹಿಂದು. ಹಿಪ್ಪುನೇರಳೆ ತೋಟ, ನೀರಿರುವ ಬಾವಿ, ರೇಷ್ಮೆ ಹುಳ ಸಾಕುವುದಕ್ಕೇ ಬೇರೆ ಅಂಕಣ ಇದ್ದ ಮನೆತನ ಅದು. ಅವನು ಬಂದರೆ ಅರಳಿಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು. ಗೌರವಕ್ಕೆ ಎದ್ದರೋ ಹೆದರಿ ಎದ್ದರೋ ಅವನು ವಿಚಾರಿಸಿದವನಲ್ಲ. ನೊಗಕ್ಕೆ ಕತ್ತು ಕೊಡಲಿಲ್ಲವೆಂದು ಎತ್ತಿನ ಕೊಂಬನ್ನು ಗುದ್ದಲಿಯ ಕಾವಿನಿಂದ ಬಡಿದು ಮುರಿದಿದ್ದ. ಕೂಲಿಯಾಳು ನಲ್ಲಪ್ಪ ಒಂದು ದಿನ ಹೊಗೆಸೊಪ್ಪು ಮುಟ್ಟಿದ ಕೈ ತೊಳೆಯದೆ ಹುಳದ ಮನೆಯೊಳಕ್ಕೆ ಕಾಲಿಟ್ಟನೆಂದು ಅವನ ದವಡೆಗೆ ಕಲ್ಲಿನಿಂದ ಗುದ್ದಿದ್ದ. ಹೊಗೆಸೊಪ್ಪು ತಾಗಿದರೆ ಹುಳ ಉಳಿಯುವುದಿಲ್ಲ. ಇದು ಆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು, ತಪ್ಪು ನಲ್ಲಪ್ಪನದೇ. ಆದರೆ ಆಮೇಲೆ ಅವನು ಜೀವಮಾನವೆಲ್ಲ ಸೊಟ್ಟ ಬಾಯಿಯಲ್ಲೇ ಮಾತಾಡಬೇಕಾಯಿತು.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಗಾದೆ ಕಟ್ಟಿದ ಮಹಾನುಭಾವ ಆವಲಪ್ಪನ ಮನೆಯಲ್ಲಿ ಒಂದು ಹೊತ್ತೂ ಉಂಡವನಲ್ಲ. ಅಲ್ಲಿ ಜಗಳ ಶುರುವಾಗುತ್ತಿದ್ದುದೇ ಉಣ್ಣುವಾಗ. ಗಂಡ ಉಂಡ ಗಂಗಳದಲ್ಲೇ ಹೆಂಡತಿ ಉಣ್ಣಬೇಕು, ಅದು ಮನೆಯ ಪದ್ಧತಿ. ಅವನು ಉಂಡೆದ್ದು ಜಗುಲಿಗೆ ಹೋಗಿ, ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿ ಅಗಿಯುತ್ತಾ ಆ ದಿನದ ಸಿಟ್ಟುಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದ. ಸಾರಿಗೆ ಉಪ್ಪು ಸಾಲದೇ ಬಂದದ್ದು, ಬಾವಿಯ ಹಗ್ಗ ಕಿತ್ತದ್ದು, ಸಂತೆಯಲ್ಲಿ ಯಾರೋ ಕೆಕ್ಕರಿಸಿ ನೋಡಿದ್ದು, ಎಲ್ಲವೂ ಒಂದೇ ಗಂಟಾಗುತ್ತಿತ್ತು. ಅಷ್ಟರಲ್ಲಿ ಒಳಗೆ ಓಬಳಮ್ಮ ಮೊದಲ ತುತ್ತು ಎತ್ತಿರುತ್ತಿದ್ದಳು. ಹಗಲೆಲ್ಲ ತೋಟಕ್ಕೂ ಹುಳದ ಮನೆಗೂ ಓಡಾಡುವ ಹೆಂಗಸು ಒಂದೆಡೆ ಕೈಗೆ ಸಿಗುವುದು ಆಗ ಮಾತ್ರ. ಗಂಗಳ ಹಾರಿ ಹುಬ್ಬು ಸೀಳಿದ್ದು ಒಂದು ಸಲ. ಕುದಿಯುವ ಸಾರು ಎದೆಯ ಮೇಲೆ ಬಿದ್ದದ್ದು ಒಂದು ಸಲ. ನಿಂತ ಬಸಿರು ಒದೆಗೆ ಇಳಿದುಹೋದದ್ದು ಒಂದು ಸಲ, ಅದಕ್ಕೂ ಅವಳ ಕಾಲ್ಗುಣವೇ ಸರಿಯಿಲ್ಲವೆಂದು ತೀರ್ಮಾನವಾಯಿತು.

ಅತ್ತೆ ಅಮ್ಮಾಜಮ್ಮ ಇದನ್ನೆಲ್ಲ ಒಲೆಯ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಂದಿನ ಹಲ್ಲುಗಳು ಇರಲಿಲ್ಲ. ಆವಲಪ್ಪನ ಅಪ್ಪ ಬದುಕಿದ್ದಾಗ ಮುಷ್ಟಿಯಿಂದ ಉದುರಿಸಿದ್ದು. ಸೊಸೆ ಅತ್ತರೆ ಅವಳು ಹೇಳುತ್ತಿದ್ದುದು ಒಂದೇ ಮಾತು.

"ನಾನು ತಿಂದಿಲ್ವೇನಮ್ಮಾ? ಸತ್ತೋದ್ನಾ? ಎದ್ದು ಮುಖ ತೊಳ್ಕೋ."

ಓಬಳಮ್ಮನಿಗೆ ಗಂಡನ ಏಟಿಗಿಂತ ಈ ಮಾತೇ ಹೆಚ್ಚು ನೋಯುತ್ತಿತ್ತು. ಏಟು ಬಾವು ಇಳಿದ ಮೇಲೆ ಮಾಯುತ್ತದೆ. ಮನೆಯಲ್ಲಿ ಇನ್ನೊಬ್ಬಳು ಹೆಂಗಸಿದ್ದೂ ತಾನು ಒಬ್ಬಳೇ ಅನ್ನುವುದು ಮಾಯುವಂಥದ್ದಲ್ಲ.

ಸಾವಿರದ ಒಂಬೈನೂರ ಐವತ್ತೆಂಟರ ಹೊತ್ತಿಗೆ ಅವಳ ಹೊಟ್ಟೆ ಕೈಬಿಟ್ಟಿತು. ತಿಂದದ್ದು ಕಲ್ಲಿನಂತೆ ಕೂರುತ್ತಿತ್ತು, ಇಲ್ಲವೇ ಹುಳಿಯಾಗಿ ಗಂಟಲಿಗೆ ಬರುತ್ತಿತ್ತು. ಹೊಟ್ಟೆ ಉಬ್ಬರಿಸಿ ಉಸಿರು ಹಿಡಿಯುತ್ತಿತ್ತು. ನಿದ್ದೆ ಬಾರದು, ಬಂದರೆ ಬೆಚ್ಚಿ ಏಳುವಳು. ಅಂತ್ರ ತಾಯಿತ ಕಟ್ಟಿಸಿದರು, ದೃಷ್ಟಿ ತೆಗೆದರು. ಮೈಮೇಲೆ ಮಾಂಸವೇ ಇಲ್ಲದಂತಾಗಿ ಬಳೆಗಳು ಮೊಣಕೈ ದಾಟಿ ಮೇಲೇರತೊಡಗಿದವು. ಒಂದು ದಿನ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಾ ರಕ್ತ ಬೆರೆತ ಪಿತ್ತ ಕಕ್ಕಿ ಅಲ್ಲೇ ಬಿದ್ದಳು. ನಲ್ಲಪ್ಪ ಹೊತ್ತು ತಂದು ಜಗುಲಿಯ ಮೇಲೆ ಮಲಗಿಸಿದ.

ಅಮ್ಮಾಜಮ್ಮ ಆ ರಕ್ತ ಕಂಡವಳೇ ಗಾಡಿ ಕಟ್ಟಿಸಿದಳು. ಸೊಸೆಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಶಿಡ್ಲಘಟ್ಟದ ನರಸಿಂಹಪ್ಪ ಪಂಡಿತರ ಅಂಗಡಿಗೆ ಹೋದಳು. ಪಂಡಿತರು ಆಯುರ್ವೇದ ಓದಿದವರು, ಬಾಯಿ ಮಾತ್ರ ಬೇವಿನ ಕಷಾಯ. ನಾಡಿ ಹಿಡಿದರು, ನಾಲಿಗೆ ನೋಡಿದರು. ನಾಡಿ ಹಿಡಿದ ಕೈಯ ಮೇಲಿನ ಕಪ್ಪು ಬಾಸುಂಡೆಗಳನ್ನೂ ನೋಡಿದರು.

"ಊಟ ಮಾಡೋವಾಗ ಮನೇಲಿ ಏನ್ ನಡೀತದಮ್ಮ?"

ಓಬಳಮ್ಮ ನೆಲ ನೋಡಿದಳು. ಅಮ್ಮಾಜಮ್ಮ ಗೋಡೆಯ ಗೂಡಿನಲ್ಲಿದ್ದ ಜಾಡಿಗಳನ್ನು ನೋಡಿದಳು.

"ಸರಿ. ಇಬ್ಬರೂ ಹೇಳಬೇಡಿ," ಎಂದರು ಪಂಡಿತರು. "ಹೊಟ್ಟೆಯೊಳಗಿನ ಅಗ್ನಿ ಆರ್ತಾ ಇದೆ. ವಾತ ಕೆಳಗಿಳೀದೆ ಮೇಲಕ್ಕೇರಿ ಕೂತಿದೆ. ಶುಂಠಿ, ಹಿಪ್ಪಲಿ, ಓಮ, ಜೀರಿಗೆ, ಸೈಂಧವ ಲವಣ ಕುಟ್ಟಿದ ಚೂರ್ಣ ಕೊಡ್ತೀನಿ. ಒಳ್ಳೆ ಇಂಗು ತುಪ್ಪದಲ್ಲಿ ಅರಳಿಸಿ, ಚೂರ್ಣದ ಜೊತೆ ಬಿಸಿ ಅನ್ನದ ಮೊದಲ ತುತ್ತಿಗೆ ಕಲಸಿ ತಿನ್ನಬೇಕು. ಹುಣಸೆಹುಳಿ ಬೇಡ, ಹಸಿಮೆಣಸಿನಕಾಯಿ ಬೇಡ, ತಂಗಳು ಬೇಡ. ತೆಳು ಮಜ್ಜಿಗೆ ಕುಡಿಯಲಿ. ಉಂಡಾದ ಮೇಲೆ ಎಡಮಗ್ಗುಲಾಗಿ ಒಂದು ಗಳಿಗೆ ಮಲಗಲಿ. ಮಲಗೋ ಮುಂಚೆ ಅಂಗಾಲಿಗೆ ಎಣ್ಣೆ ತಿಕ್ಕಿ, ನಿದ್ದೆ ಬರ್ತದೆ."

ಅಮ್ಮಾಜಮ್ಮ ಪೊಟ್ಟಣಗಳನ್ನು ಸೆರಗಿಗೆ ಕಟ್ಟಿಕೊಂಡು ಏಳಲು ಹೋದಳು. ಪಂಡಿತರು ಕೈ ಎತ್ತಿ ತಡೆದರು.

"ಇನ್ನೊಂದು ಔಷಧ ಇದೆ, ನನ್ನ ಅಂಗಡೀಲಿ ಇಲ್ಲ. ಈಕೆ ಕೂತು ಉಣ್ಣಬೇಕು, ಹೆದರದೆ ಉಣ್ಣಬೇಕು. ಭಯ ಇಟ್ಕೊಂಡು ಅಮೃತ ತಿಂದರೂ ಅರಗಲ್ಲ. ಅದನ್ನ ಮನೇಲಿ ಯಾರಾದ್ರೂ ಕೊಡಬೇಕು. ಕೊಡದಿದ್ರೆ ಮತ್ತೆ ಗಾಡಿ ಕಟ್ಕೊಂಡು ಇಲ್ಲಿಗೆ ಬರಬೇಡಿ. ಎತ್ತುಗಳಿಗಾದರೂ ದಣಿವು ಉಳೀತದೆ."

ಗಾಡಿ ದಿಬ್ಬೂರಹಳ್ಳಿಯ ಕಡೆ ತಿರುಗಿತು. ಓಬಳಮ್ಮನಿಗೆ ನಗು ಬಂದಿತ್ತು, ಅಳುವೂ ಬಂದಿತ್ತು. ಇಂಗು ಸಿಗುತ್ತದೆ, ಹಿಪ್ಪಲಿ ಸಿಗುತ್ತದೆ, ಆವಲಪ್ಪನ ಮನೆಯಲ್ಲಿ ಹೆದರದೆ ಉಣ್ಣುವ ಒಂದು ಹೊತ್ತು ಯಾವ ಸಂತೆಯಲ್ಲಿ ಸಿಗುತ್ತದೆ?

ಆಗ ಮನೆಯಲ್ಲಿ ಹುಳ ನಾಲ್ಕನೆಯ ಜ್ವರದಿಂದ ಎದ್ದಿತ್ತು. ರೇಷ್ಮೆ ಹುಳ ಸೊಪ್ಪು ಬಿಟ್ಟು ಮಂಕಾಗಿ ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ. ಕೊನೆಯ ಜ್ವರದಿಂದ ಎದ್ದರೆ ಅದರ ಹಸಿವೆಗೆ ತಡೆಯಿಲ್ಲ, ಹಗಲಿರುಳು ಸೊಪ್ಪು ಬೀಳುತ್ತಲೇ ಇರಬೇಕು. ಹುಳದ ಮಟ್ಟಿಗೆ ಓಬಳಮ್ಮನ ಕೈಗುಣ ದೊಡ್ಡದು, ಅವಳು ಮುಟ್ಟಿದ ಬೆಳೆ ಕೆಟ್ಟದ್ದಿಲ್ಲ. ಅಮ್ಮಾಜಮ್ಮ ಮಗನಿಗೆ ಅದನ್ನೇ ಮುಂದಿಟ್ಟಳು.

"ಇವಳು ಬಿದ್ದೋದ್ರೆ ಈ ಬೆಳೆ ಯಾರು ನೋಡ್ತಾರಪ್ಪ? ಹುಳ ಗೂಡು ಕಟ್ಟೋ ತನಕ ಪಥ್ಯ ಮಾಡ್ಲಿ. ಮಧ್ಯಾಹ್ನ ಅವಳು ಉಂಡು ಮಲಗೋ ಹೊತ್ನಲ್ಲಿ ಮೂಡಣ ಸಾಲಿಗೆ ನೀನೇ ಸೊಪ್ಪು ಹಾಕು."

"ಇಂಗಿನ ಘಾಟು ಹುಳಕ್ಕೆ ಬಡಿದ್ರೆ?" ಎಂದ ಆವಲಪ್ಪ. ಹುಳ ಇರುವ ಮನೆಯಲ್ಲಿ ಒಗ್ಗರಣೆಯ ಹೊಗೆ ಏಳಬಾರದು, ಹೊಗೆಸೊಪ್ಪು ಸುಳಿಯಬಾರದು ಎಂಬ ಕಟ್ಟು ಅವನಿಗೂ ಗೊತ್ತಿತ್ತು. ಕೊನೆಗೆ ಬೆಳೆಯ ಆಸೆಗೆ ಒಪ್ಪಿದ. ಒಪ್ಪಿ, ಹೆಂಡತಿಯ ಕಡೆ ಬೆರಳು ತೋರಿಸಿದ. "ನಿನ್ನ ಇಂಗಿಂದ ಒಂದು ತಟ್ಟೆ ಹುಳ ಹೋದ್ರೂ ನಿನ್ನ ಅದರ ಜೊತೇಲೇ ಮಣ್ಣು ಮಾಡ್ತೀನಿ."

ಓಬಳಮ್ಮ ಇಂಗನ್ನು ಮನೆಯೊಳಗೆ ಹುರಿಯಲೇ ಇಲ್ಲ. ಬೀದಿಯ ಕೊನೆಯ ಚಿಕ್ಕವೆಂಕಟಮ್ಮನ ಹಿತ್ತಲಿಗೆ ಹೋಗಿ, ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ನೋಡಿ, ತುಪ್ಪದಲ್ಲಿ ಅರಳಿಸಿ, ಕುಡಿಕೆಯ ಬಾಯಿ ಮುಚ್ಚಿ ತರುತ್ತಿದ್ದಳು. ಕೈಯನ್ನು ಬೂದಿಯಲ್ಲಿ ಉಜ್ಜಿ, ಸೀಗೆಯಲ್ಲಿ ತೊಳೆದು, ಮೂಸಿ ನೋಡಿಕೊಂಡೇ ಹುಳದ ಮನೆಗೆ ಕಾಲಿಡುತ್ತಿದ್ದಳು. ಮಧ್ಯಾಹ್ನ ತನ್ನದೇ ಗಂಗಳದಲ್ಲಿ ಬಿಸಿ ಅನ್ನ ಬಡಿಸಿಕೊಂಡು ಕೂರುತ್ತಿದ್ದಳು. ಮೊದಲ ದಿನ ಎರಡು ಸಲ ಎದ್ದು ಬಾಗಿಲು ನೋಡಿ ಬಂದು ಕೂತಳು. ಆಮೇಲಾಮೇಲೆ ಇಂಗಿನ ತುತ್ತು ಒಳಗಿಳಿದು ಹೊಟ್ಟೆಯಲ್ಲಿ ಬೆಚ್ಚಗಾಗುವುದು ತಿಳಿಯತೊಡಗಿತು. ತೇಗು ಬಂತು. ಎಷ್ಟೋ ದಿನಕ್ಕೆ ಹಸಿವು ಎನ್ನುವುದೂ ಬಂತು. ಹುಳ ಬೇಗ ಗೂಡು ಕಟ್ಟದಿರಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಗೂಡು ಕಟ್ಟಿದರೆ ಪಥ್ಯ ಮುಗಿಯುತ್ತದೆ, ಪಥ್ಯ ಮುಗಿದರೆ ಮತ್ತೆ ಗೋಡೆಗೆ ಬೆನ್ನು.

ಹೀಗಿರುವಾಗ ಒಂದು ದಿನ ಅವಳು ಉಂಡು, ಪಂಡಿತರು ಹೇಳಿದಂತೆ ಎಡಮಗ್ಗುಲಾಗಿ ಮಲಗಿದ್ದಳು. ಕಣ್ಣು ಹತ್ತಿತ್ತು. ಹೊತ್ತು ಪಡುವಣಕ್ಕೆ ವಾಲಿತ್ತೋ ಇಲ್ಲವೋ, ಯಾರೋ ಜಡೆ ಹಿಡಿದು ಎತ್ತಿದಂತಾಯಿತು. ನೆತ್ತಿ ಕಿತ್ತುಬಂದಂತೆ ಉರಿಯಿತು.

"ಕೊಂದ್ಬಿಟ್ಯಲ್ಲೇ! ನನ್ನ ಬೆಳೇನ ಕೊಂದ್ಬಿಟ್ಯಲ್ಲೇ!"

ಆವಲಪ್ಪ ಅವಳನ್ನು ಜಡೆ ಹಿಡಿದೇ ಎಳೆದುಕೊಂಡು ಹೋದ. ಹೊಸಿಲಿಗೆ ಅವಳ ಮೊಣಕಾಲು ಬಡಿದು ಚರ್ಮ ಸುಲಿಯಿತು. ಹುಳದ ಮನೆಯಲ್ಲಿ ಅವಳನ್ನು ಎತ್ತಿ ಕಂಬಕ್ಕೆ ಬಡಿದ. ಕೆಳಗೆ ಬಿದ್ದವಳ ಪಕ್ಕೆಗೆ ಒದ್ದ. ಒಳಗೆ ಏನೋ ಲಟಕ್ಕೆಂದದ್ದು ಅವಳಿಗೆ ನೋವಿಗೆ ಮುಂಚೆ ಕೇಳಿಸಿತು. ಮೂಲೆಯಲ್ಲಿದ್ದ ಬಿದಿರು ಗಳು ಎತ್ತಿಕೊಂಡು ಬೆನ್ನು, ತೋಳು, ತಲೆ ಎನ್ನದೆ ಹೊಡೆದ. ಗಳು ಸೀಳಿತು. ಸೀಳಿದ ಗಳುವಿನಿಂದಲೇ ಹೊಡೆದ. ಪ್ರತಿ ಏಟಿಗೂ ರವಿಕೆಯ ಜೊತೆ ಚರ್ಮ ಹರಿಯಿತು. ಅವಳು ಕೂಗಲಿಲ್ಲ. ಕೂಗಿದರೆ ಹೆಚ್ಚು ಬೀಳುತ್ತವೆ ಎನ್ನುವುದು ಅವಳು ಆ ಮನೆಯಲ್ಲಿ ಕಲಿತ ಮೊದಲ ಪಾಠ.

"ಇಂಗು ಬೇಕಾ ನಿಂಗೆ? ಪಥ್ಯ ಬೇಕಾ? ತಿನ್ನು ಬಾ!"

ಕತ್ತು ಹಿಡಿದು ಮೂಡಣ ಸಾಲಿನ ತಟ್ಟೆಯೊಳಕ್ಕೆ ಅವಳ ಮುಖವನ್ನು ತುರುಕಿದ. ಹುಳಗಳು ಇನ್ನೂ ಪೂರ್ತಿ ಸತ್ತಿರಲಿಲ್ಲ. ತಲೆ ಎತ್ತಿ ಅತ್ತಿತ್ತ ತೂಗುತ್ತಾ, ಹಸಿರು ನೀರು ಕಕ್ಕುತ್ತಾ ಹೊರಳಾಡುತ್ತಿದ್ದವು. ಅವನು ಒಂದು ಹಿಡಿ ಹುಳ ಬಾಚಿ ಅವಳ ಬಾಯಿಗೆ ಒತ್ತಿ, ಉಗುಳದಂತೆ ಅಂಗೈಯಿಂದ ಬಾಯಿ ಮೂಗು ಎರಡನ್ನೂ ಮುಚ್ಚಿ ಹಿಡಿದ. ಉಸಿರಿಗಾಗಿ ಒದ್ದಾಡುತ್ತಾ ಅವಳು ಎಳೆದುಕೊಂಡ ಗಾಳಿಯಲ್ಲಿ ಅವನ ಬೆರಳುಗಳ ವಾಸನೆ ಬಂತು.

ಹೊಗೆಸೊಪ್ಪು. ಹಸಿಯಾಗಿ, ಘಾಟಾಗಿ, ಉಗುರು ಸಂದಿಯಿಂದ ಬಂದ ಹೊಗೆಸೊಪ್ಪಿನ ವಾಸನೆ.

ಓಬಳಮ್ಮನಿಗೆ ಒಂದೇ ಕ್ಷಣದಲ್ಲಿ ಎಲ್ಲ ತಿಳಿಯಿತು. ಉಂಡು ಜಗುಲಿಗೆ ಹೋಗಿ ಹೊಗೆಸೊಪ್ಪು ತಿಕ್ಕಿದವನು ಕೈ ತೊಳೆಯದೆ ಬಂದು ಸೊಪ್ಪು ಹಾಕಿದ್ದಾನೆ. ಹೆಂಡತಿ ಮಲಗಿದ್ದಾಳೆ ಎಂಬ ಸಿಟ್ಟಿನಲ್ಲಿ ಮರೆತನೋ, ಕೇಳುವವರು ಯಾರು ಎಂದು ಬಿಟ್ಟನೋ. ಭಯ ಇತ್ತಲ್ಲ, ಅದು ಎಲ್ಲಿ ಹೋಯಿತೋ ಅವಳಿಗೇ ಗೊತ್ತಿಲ್ಲ. ಬಾಯಿ ಮುಚ್ಚಿದ್ದ ಅಂಗೈಯನ್ನು ಹಲ್ಲು ನಾಟುವ ಹಾಗೆ ಕಚ್ಚಿದಳು. ಅವನು ಕೈ ಕಿತ್ತುಕೊಂಡ.

"ನಿನ್ನ ಕೈ!" ಎಂದು ಕಿರುಚಿದಳು. ಗಂಡನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ನಿನ್ನ ಕೈ ಮೂಸಿ ನೋಡ್ಕೋ! ಇಂಗಾಗಿದ್ರೆ ಅಡುಗೆಮನೆ ಪಕ್ಕದ ನನ್ನ ಪಡುವಣ ಸಾಲು ಮೊದಲು ಸಾಯ್ಬೇಕಿತ್ತು! ನಾನು ಸೊಪ್ಪು ಹಾಕಿದ ಹುಳ ನೋಡು, ಕುಂತು ತಿಂತಾವೆ!"

ಆವಲಪ್ಪ ಕೈಯನ್ನು ಮೂಸಲಿಲ್ಲ. ಅದೇ ಕೈಯಿಂದ ಅವಳ ಗಂಟಲು ಹಿಡಿದ. ಸತ್ಯ ಹೇಳಿದವಳನ್ನು ಬದುಕಲು ಬಿಟ್ಟರೆ ಊರಿಗೆಲ್ಲ ಗೊತ್ತಾಗುತ್ತದಲ್ಲ! ಹೆಬ್ಬೆರಳುಗಳು ಒಳಕ್ಕೆ ಇಳಿದವು. ಅವಳ ಕಣ್ಣಿಗೆ ಮಾಡಿನ ಜಂತೆಗಳು ಕಪ್ಪಾಗತೊಡಗಿದವು. ಹಿಮ್ಮಡಿ ನೆಲಕ್ಕೆ ಬಡಿಯುತ್ತಿದ್ದುದು ತನ್ನದೇ ಎಂದು ತಿಳಿಯದಷ್ಟು ದೂರ ಹೋಗಿದ್ದಳು.

ಅಮ್ಮಾಜಮ್ಮ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ. ಅವಳು ಮೊದಲು ಪಡುವಣ ಸಾಲು ನೋಡಿದಳು, ಹುಳ ಸೊಪ್ಪು ಕಡಿಯುವ ಸದ್ದು ಬರುತ್ತಿತ್ತು. ಮೂಡಣ ಸಾಲು ನೋಡಿದಳು, ಎಲೆಯ ಮೇಲೆಲ್ಲ ಹುಳ ಕಕ್ಕಿದ ಹಸಿರು ನೀರು. ಮಗನ ಹಿಂದೆ ಬಂದು ಬಗ್ಗಿ, ಸೊಸೆಯ ಗಂಟಲಿನ ಮೇಲಿದ್ದ ಅವನ ಕೈಯನ್ನು ಮೂಸಿದಳು. ಆಮೇಲೆ ಹೊರಗೆ ಹೋದಳು.

ಹೋದಳು, ಅಷ್ಟೇ. ಕಣ್ಣು ಮುಚ್ಚುತ್ತಿದ್ದ ಓಬಳಮ್ಮನಿಗೆ ಕಡೆಯದಾಗಿ ತಿಳಿದದ್ದು ಅದು. ಅತ್ತೆ ಈ ಸಲವೂ ಹೋದಳು.

ಅಮ್ಮಾಜಮ್ಮ ಹೋದದ್ದು ಒನಕೆಗೆ. ರಾಗಿ ಕುಟ್ಟಿ ಕುಟ್ಟಿ ಪಳಗಿದ ಮುದಿ ತೋಳು, ಎತ್ತುವುದನ್ನೂ ಇಳಿಸುವುದನ್ನೂ ಮರೆತಿರಲಿಲ್ಲ. ಮೊದಲ ಏಟು ಮಗನ ಹೆಗಲಿಗೆ ಬಿತ್ತು. ಅವನು ಗಂಟಲು ಬಿಟ್ಟು ಹಿಂದಕ್ಕೆ ಉರುಳಿ, ಏಳಲು ಬಲಗೈ ಊರಿದ. ಒನಕೆ ಆ ಕೈಯ ಮೇಲೆ, ಮಣಿಕಟ್ಟಿನ ಮೇಲೆಯೇ ಇಳಿಯಿತು. ಮೂಳೆ ಮುರಿದ ಸದ್ದು ಬಂತು. ಅವಳು ಮತ್ತೆ ಎತ್ತಿದಳು, ಮತ್ತೆ ಅಲ್ಲಿಗೇ ಇಳಿಸಿದಳು. ಆವಲಪ್ಪ ಕೊಂಬು ಮುರಿಸಿಕೊಂಡ ಎತ್ತಿನಂತೆಯೇ ಅರಚಿದ.

"ಚಾಲುರಾ!" ಎಂದಳು ಅಮ್ಮಾಜಮ್ಮ. ಸಿಟ್ಟು ನೆತ್ತಿಗೇರಿದರೆ ಅವಳ ಬಾಯಲ್ಲಿ ತವರಿನ ತೆಲುಗು ಬರುತ್ತಿತ್ತು. "ಸಾಕು ಕಣೋ! ನಿಮ್ಮಪ್ಪನ ಕಾಲದಿಂದ ನೋಡಿದ್ದು ಸಾಕು! ಹೊಗೆಸೊಪ್ಪಿನ ಕೈ ಅಂತ ನಲ್ಲಪ್ಪನ ದವಡೆ ಮುರಿದ್ಯಲ್ಲ? ಈಗ ನಿನ್ನ ಕೈದು ಯಾವ ಸೊಪ್ಪಿನ ವಾಸನೆ ಹೇಳೋ? ಮಾಡಿದ್ದುಣ್ಣೋ ಮಹರಾಯ ಅಂತಾರೆ, ಉಣ್ಣು!"

ಕೂಗು ಕೇಳಿ ಊರು ನೆರೆಯಿತು. ಏನಾಯಿತಮ್ಮ ಎಂದವರಿಗೆ ಅಮ್ಮಾಜಮ್ಮ ಒನಕೆ ಊರಿಕೊಂಡು ನಿಂತು, "ನನ್ನ ಮಗ ಒನಕೆ ಬೀಳೋ ಕಡೆ ಕೈ ಇಟ್ಟ" ಎಂದಳು. ಅದಕ್ಕಿಂತ ಹೆಚ್ಚು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮೂಳೆ ಕಟ್ಟುವವರ ಊರಿಗೆ ಅವನನ್ನು ಗಾಡಿಯಲ್ಲಿ ಕರೆದೊಯ್ದವನು ಸೊಟ್ಟ ದವಡೆಯ ನಲ್ಲಪ್ಪನೇ. ದಾರಿಯಲ್ಲಿ ಎಷ್ಟು ಹಳ್ಳ ಸಿಕ್ಕಿದವೋ ಅಷ್ಟರಲ್ಲೂ ಚಕ್ರ ಇಳಿಸಿದನಂತೆ. ನನಗೆ ಇದನ್ನು ಕೇಳಿ ಸಂತೋಷವೇ ಆಯಿತು, ಸುಳ್ಳೇಕೆ ಹೇಳಲಿ.

ಓಬಳಮ್ಮನಿಗೆ ಎಚ್ಚರವಾದಾಗ ಅಂಗಾಲಿನಲ್ಲಿ ಎಣ್ಣೆಯ ತಂಪಿತ್ತು. ಅತ್ತೆ ಕಾಲ ಬಳಿ ಕೂತು ತಿಕ್ಕುತ್ತಿದ್ದಳು. ಗಂಟಲಲ್ಲಿ ಉಗುಳೂ ಇಳಿಯದು, ಪಕ್ಕೆ ಉಸಿರಿಗೊಮ್ಮೆ ಇರಿಯುವುದು. ಅಮ್ಮಾಜಮ್ಮ ಹಳೆ ಅಕ್ಕಿಯ ಗಂಜಿ ಕಾಸಿ, ಇಂಗು ಕಲಸಿ, ಬೆರಳಿನಿಂದ ತುಟಿಗೆ ಒರೆಸಿದಳು.

"ಉಣ್ಣಮ್ಮ. ನಾನು ಬಾಗಿಲಲ್ಲಿ ಕೂತಿದ್ದೀನಿ."

ಓಬಳಮ್ಮ ಆಗ ಅತ್ತಳು. ಆ ಮನೆಯಲ್ಲಿ ಸದ್ದು ಮಾಡಿ ಅತ್ತದ್ದು ಅದೇ ಮೊದಲ ಸಲ. ಮುಖ ತೊಳ್ಕೋ ಎಂದು ಅತ್ತೆ ಹೇಳಲಿಲ್ಲ.

ಪಡುವಣ ಸಾಲಿನ ಹುಳ ಹಣ್ಣಾಗಿ, ಚಂದ್ರಿಕೆಯೆನ್ನುವ ಬಿದಿರ ತಟ್ಟಿ ಏರಿ ಗೂಡು ಕಟ್ಟಿತು. ಆವಲಪ್ಪನ ಕೈ ಕೂಡಿಕೊಂಡರೂ ಮಣಿಕಟ್ಟು ತಿರುಚಿಕೊಂಡೇ ಉಳಿಯಿತು. ಬೆರಳು ಮಡಿಸಲು ಬರದು, ಮುಷ್ಟಿ ಕಟ್ಟಲು ಬರದು. ಎಡಗೈಯಲ್ಲಿ ಹೊಡೆಯುವುದನ್ನು ಕಲಿಯುವುದಕ್ಕೆ ಅಮ್ಮಾಜಮ್ಮ ಬಿಡಲಿಲ್ಲ. ಅಂದಿನಿಂದ ಮಧ್ಯಾಹ್ನ ಮೊದಲು ಉಣ್ಣುವವಳು ಸೊಸೆ, ಅದೂ ಬಾಗಿಲಿಗೆ ಬೆನ್ನು ಹಾಕಿ. ಅವಳು ಉಂಡು ಕೈ ತೊಳೆಯುವ ತನಕ ಮುದುಕಿ ಹೊಸಿಲ ಮೇಲೆ ಒನಕೆಯನ್ನು ತೊಡೆಗೆ ಅಡ್ಡ ಇಟ್ಟುಕೊಂಡು ಕೂರುತ್ತಿದ್ದಳು. ಬೀದಿಯವರು ನಗುತ್ತಿದ್ದರು. ನಗಲಿ. ಓಬಳಮ್ಮನ ಬಳೆಗಳು ಮೊಣಕೈಯಿಂದ ಇಳಿದು ಮುಂಗೈಯಲ್ಲಿ ನಿಂತವು. ಮುಂದೆ ಒಂದು ಹೆಣ್ಣು ಕೂಸೂ ಆಯಿತು. ಹೊಟ್ಟೆನೋವೆಂದು ಬಂದ ಹೆಂಗಸರಿಗೆ ಅವಳು ಅದೇ ಇಂಗಿನ ಚೂರ್ಣ ಕೊಡುತ್ತಿದ್ದಳು. ಕೊಡುವ ಮುಂಚೆ ಅವರ ತೋಳಿನ ಸೆರಗು ಸರಿಸಿ ನೋಡುತ್ತಿದ್ದಳು.

ಅರವತ್ನಾಲ್ಕರ ಬೇಸಿಗೆಯಲ್ಲಿ ಅಮ್ಮಾಜಮ್ಮ ತೀರಿಕೊಂಡಳು. ತಿಥಿ ಮುಗಿದು, ನೆಂಟರು ಹೊರಟುಹೋದ ಮಾರನೆಯ ದಿನ ಮಧ್ಯಾಹ್ನ ಓಬಳಮ್ಮ ಅಭ್ಯಾಸದಂತೆ ಬಾಗಿಲಿಗೆ ಬೆನ್ನು ಹಾಕಿ ಗಂಗಳದ ಮುಂದೆ ಕೂತಳು. ಅನ್ನಕ್ಕೆ ಇಂಗು ಕಲಸಿದಳು. ತುತ್ತು ಮೇಲೇಳಲಿಲ್ಲ. ಬೆನ್ನ ಹಿಂದೆ ಹೊಸಿಲು ಖಾಲಿ. ಎದ್ದು ನಿಂತುಬಿಡು, ಗೋಡೆಗೆ ಹೋಗು ಎಂದು ಕಾಲುಗಳು ಎಳೆದವು.

ಹಿಂದೆ ಹೆಜ್ಜೆಯ ಸದ್ದಾಯಿತು. ಆವಲಪ್ಪ ಬಂದು ಬಾಗಿಲಲ್ಲಿ ನಿಂತ.

ಓಬಳಮ್ಮ ತಿರುಗಿ ನೋಡಿದಳು. ಅತ್ತೆ ಕಡೆಯ ಸಲ ಒರಗಿಸಿಟ್ಟ ಒನಕೆ ಬಾಗಿಲ ಮಗ್ಗುಲಲ್ಲೇ ಇತ್ತು. ಅವನೂ ಅದನ್ನು ನೋಡಿದ. ಅವಳು ಎಡಗೈ ಚಾಚಿ ಒನಕೆಯನ್ನು ಎಳೆದು ತನ್ನ ತೊಡೆಯ ಪಕ್ಕಕ್ಕೆ ಮಲಗಿಸಿಕೊಂಡಳು. 

"ಮಜ್ಜಿಗೆ ಇದೆಯಾ?" ಎಂದ ಆವಲಪ್ಪ.

"ಇದೆ. ನಾನು ಉಂಡಾದ ಮೇಲೆ ಕೊಡ್ತೀನಿ. ಆಚೆ ಕೂತಿರಿ."

 ಅವನು ಸೊಟ್ಟ ಕೈಯನ್ನು ಎಡಗೈಯಿಂದ ಹಿಡಿದುಕೊಂಡು ಜಗುಲಿಗೆ ಹೋಗಿ ಕೂತ. ಓಬಳಮ್ಮ ಇಂಗು ಕಲಸಿದ ಮೊದಲ ತುತ್ತನ್ನು ಬಾಯಿಗಿಟ್ಟು, ಅವಸರವಿಲ್ಲದೆ ಅಗಿದಳು.